ರಾಣಿಸಾಹೇಬ್ರು ಹಾಜರ್ ಅದಾರೇನ್ರೀ?

ನಮ್ಮ ಮಾವನವರು ಹಿತ್ತಲಿನಲ್ಲಿ ಒಬ್ಬ ರಾಣಿಯನ್ನು ಇಟ್ಟುಕೊಂಡಿದ್ದರು. ಇದು ನಮ್ಮ ಅತ್ತೆಗೆ ಗೊತ್ತಿತ್ತು, ಕಲಬುರಗಿಯ ನಮ್ಮ ಗಾಜಿಪುರದ ಓಣಿಗೆಲ್ಲ ಗೊತ್ತಿತ್ತು, ಮೋಮಿನಪುರದ ಒಬ್ಬ ಅತ್ತರಿನ ವ್ಯಾಪಾರಿಗೂ ಗೊತ್ತಿತ್ತು. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿಕೊಂಡು, ಧೋತರ ಸರಿಮಾಡಿಕೊಂಡು, ಕಟ್ಟಿಕೊಂಡ ಹೆಂಡತಿಯ ಮುಖ ನೋಡುವ ಮೊದಲು ಇವಳ ಮುಖ ನೋಡಲು ಹೋಗುತ್ತಿದ್ದರು. ಅವಳಿಗೋ ಸಾವಿರಾರು ಮಕ್ಕಳು! ಇಷ್ಟೆಲ್ಲ ಕಣ್ಣೆದುರಿಗೆ ನಡೆಯುತ್ತಿದ್ದರೂ ನಮ್ಮ ಅತ್ತೆ ಮೂರು ಹೊತ್ತು ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರೆಂದರೆ ಅವರ ಸಹನೆ ಎಂಥದ್ದಿರಬೇಕು, ನೀವೇ ಹೇಳಿ.

ಗಾಬರಿಯಾಗಬೇಡಿ. ರಾಣಿ ಎಂದರೆ ಜೇನುಹುಳದ ರಾಣಿ. ಹಿತ್ತಲಿನ ಬೇವಿನ ಗಿಡದ ಕೆಳಗೆ ಒಂದು ಸ್ಟೂಲು, ಅದರ ಮೇಲೆ ಒಂದು ಕಟ್ಟಿಗೆಯ ಜೇನುಪೆಟ್ಟಿಗೆ. ಇರುವೆ ಹತ್ತದಿರಲೆಂದು ಸ್ಟೂಲಿನ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ಇಟ್ಟಿದ್ದರು. ಕಲಬುರಗಿಯ ಬೇಸಿಗೆಯನ್ನು ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕಳೆಯುವ ಭಾಗ್ಯ ನಮ್ಮ ಮನೆಯಲ್ಲಿ ಆ ಸ್ಟೂಲಿಗೆ ಮಾತ್ರ ಇತ್ತು.

ಮಾವನವರು ಕೋರ್ಟಿನಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಬಾಗಿಲಲ್ಲಿ ನಿಂತು ಫಿರ್ಯಾದಿ, ಆರೋಪಿ, ಸಾಕ್ಷಿಗಳ ಹೆಸರು ಕೂಗುವುದು ಅವರ ಕೆಲಸ. ಅವರು ಕೂಗಿದರೆ ಆರೋಪಿ ಏನು, ಆರೋಪಿಯ ತೀರಿಹೋದ ಅಜ್ಜನೂ ಎದ್ದು ಬಂದು ಕೈಕಟ್ಟಿ ನಿಲ್ಲಬೇಕು, ಅಂಥ ಗಂಟಲು. ನಿವೃತ್ತಿಯ ದಿನ ಬಿಲ್ಲೆ, ಪಟ್ಟಿ, ಪೇಟ ಎಲ್ಲ ವಾಪಸು ಇಸಕೊಂಡರಂತೆ. ಗಂಟಲನ್ನು ಮಾತ್ರ ಅವರ ಹತ್ತಿರವೇ ಬಿಟ್ಟು ಮನೆಗೆ ಕಳಿಸಿದರು. ಸರಕಾರದವರು ಮಾಡುವ ಕೆಲಸವೇ ಹೀಗೆ!

ದಿನಾ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಮಾವನವರು ಕೂಗುತ್ತಿದ್ದರು: "ರಾಣಿಸಾಹೇಬ್ರು ಹಾಜರ್ ಅದಾರೇನ್ರೀ...?" ಆಚೆ ಓಣಿಯ ಕೂಸುಗಳು ಬೆಚ್ಚಿ ಏಳುತ್ತಿದ್ದವು. ಆಮೇಲೆ ಒಂದೊಂದೇ ಚೌಕಟ್ಟು ಎತ್ತಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಹುಡುಕುವುದು. ರಾಣಿ ಕಣ್ಣಿಗೆ ಬಿದ್ದರೆ ಅವಳ ಪರವಾಗಿ ತಾವೇ "ಹಾಜರ್!" ಎನ್ನುವುದು. ಬೀಳದಿದ್ದರೆ "ಗೈರಹಾಜರ್. ಮುಂದಿನ ತಾರೀಖು ನಾಳೆ" ಎಂದು ಮುಚ್ಚಳ ಹಾಕುವುದು. ರಾಣಿಯನ್ನು ದಿನಾ ಹೀಗೆ ಗೋಳು ಹುಯ್ದುಕೊಳ್ಳಬಾರದು ಎಂದು ಬಲ್ಲವರು ಹೇಳುತ್ತಾರೆ. ಆದರೆ ಮಾವನವರ ಜೇನುಶಾಸ್ತ್ರದಲ್ಲಿ ಹಾಜರಿ ಇಲ್ಲದೆ ಯಾವ ಕಲಾಪವೂ ಶುರುವಾಗುತ್ತಿರಲಿಲ್ಲ.

ಈ ಪೆಟ್ಟಿಗೆ ಬಂದದ್ದು ಕಮಲಾಪುರದಿಂದ. ಅಲ್ಲಿ ಮಾವನವರ ಅಕ್ಕ ಇದ್ದರು. ನಾವೆಲ್ಲ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದೆವು. ಅವರಿಗೆ ಕೆಂಪು ಬಾಳೆಯ ತೋಟ, ತೋಟದ ಬದುವಿನಲ್ಲಿ ಸಾಲಾಗಿ ಜೇನುಪೆಟ್ಟಿಗೆ, ಬಾಯಿ ತುಂಬ ಎಲೆಯಡಿಕೆ, ಊರ ತುಂಬ ಅಧಿಕಾರ. ನಿವೃತ್ತನಾದ ತಮ್ಮ ಮನೆಯಲ್ಲಿ ಕುಳಿತು ಹೆಂಡತಿಯ ತಲೆ ತಿನ್ನುತ್ತಿದ್ದಾನೆಂದು ತಿಳಿದು, ತಿನ್ನಲು ಬೇರೇನಾದರೂ ಇರಲಿ ಎಂದು ಒಂದು ಪೆಟ್ಟಿಗೆ ಹುಳ ಕೊಟ್ಟರಂತೆ. ಇದು ನಾನು ಈ ಮನೆಗೆ ಬರುವುದಕ್ಕೆ ಮೊದಲಿನ ಕತೆ. ಹೇಳಿದವರು ನಮ್ಮ ಅತ್ತೆ, ಹಾಗಾಗಿ ಉಪ್ಪು ಖಾರ ಒಂದಿಷ್ಟು ಜಾಸ್ತಿ ಇದ್ದೀತು.

ಮಾವನವರು ಪೆಟ್ಟಿಗೆಗೆ ಹಳೆಯ ಧೋತರ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರು. ಕಂಡಕ್ಟರ್ ಬಂದ.

"ಏನದರೀ ಯಜಮಾನ್ರ ಇದ್ರಾಗ? ಗುಂಯ್ ಅನ್ನಾಕತ್ತದ."

"ಶ್ರುತಿ ಪೆಟಗಿ."

"ಒತ್ತಾಂಗಿಲ್ಲ, ಊದಾಂಗಿಲ್ಲ, ತಾನೇ ಹೆಂಗ ಬಾರಸ್ತದರೀ?"

"ಹೊಸಾ ನಮೂನಿ ಬಂದದ" ಎಂದರು ಮಾವನವರು, ಕೋರ್ಟಿನಲ್ಲಿ ಅಷ್ಟು ವರ್ಷ ಸುಳ್ಳುಸಾಕ್ಷಿಗಳನ್ನು ನೋಡಿದ ಅನುಭವದಿಂದ.

ಎದುರಿನ ಸೀಟಿನಲ್ಲಿ ಒಬ್ಬ ಭಜನೆಯ ಅಜ್ಜ ಕುಳಿತಿದ್ದ. ಶ್ರುತಿ ಪೆಟ್ಟಿಗೆ ಎಂದದ್ದೇ ತಡ, ಒಂದು ಪದ ಹಾಡ್ರಿ ಎಂದು ಗಂಟುಬಿದ್ದ. ಇಲ್ಲವೆಂದರೆ ಗುಟ್ಟು ರಟ್ಟಾಗುತ್ತದೆ! ಮಾವನವರು ಹಾಡಲು ಶುರುಮಾಡಿದರು. ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಪೆಟ್ಟಿಗೆಯ ಶ್ರುತಿ ಏರುತ್ತಿತ್ತು. ಮಾವನವರೂ ಏರಿಸುತ್ತಿದ್ದರು. ಕಲಬುರಗಿ ಬರುವಷ್ಟರಲ್ಲಿ ಅವರ ಕೊರಳಿನ ನರಗಳು ಹಗ್ಗದಂತೆ ಎದ್ದಿದ್ದವು. ಇಳಿಯುವಾಗ ಅಜ್ಜ ಕೈಮುಗಿದು ಹೇಳಿದನಂತೆ: "ನಿಮ್ಮ ಕಂಠ ಸಾಧಾರಣ ಅದರೀ. ಆದ್ರ ಪೆಟಗಿ ಮಾತ್ರ ಭಾಳ ಚಲೋ ಅದ."

ನಾನು ಕಮಲಾಪುರದ ಮಗಳು. ನನ್ನನ್ನು ನೋಡಿ, ರೊಟ್ಟಿ ಬಡಿಸಿ ಪರೀಕ್ಷೆ ಮಾಡಿ, ತಮ್ಮನ ಮಗನಿಗೆ ತಂದುಕೊಂಡವರೂ ಇದೇ ದೊಡ್ಡಕ್ಕ. ಆ ಕಾಲದಲ್ಲಿ ನಮ್ಮ ಕಡೆ ಸೊಸೆಯಾದವಳು ಮಾವನ ಎದುರಿಗೆ ಸೆರಗಿಲ್ಲದ ತಲೆಯಲ್ಲಿ ನಿಲ್ಲುವಂತಿರಲಿಲ್ಲ, ಮುಖ ಕೊಟ್ಟು ಮಾತಾಡುವಂತಿರಲಿಲ್ಲ. ಮಾವನೂ ಅಷ್ಟೆ, ಸೊಸೆಯನ್ನು ಕರೆದು ಅದು ತಾ ಇದು ತಾ ಎನ್ನುವಂತಿರಲಿಲ್ಲ. ಹೇಳಬೇಕಾದದ್ದನ್ನು ಅತ್ತೆಯ ಮೂಲಕ ಹೇಳಬೇಕು. ಆದರೆ ನಮ್ಮ ಅತ್ತೆ ಮಧ್ಯಾಹ್ನ ಮಲಗಿದರೆ ಸಂಜೆಯವರೆಗೆ ಏಳುವವರಲ್ಲ. ಮಾವನವರಿಗೆ ಚಹಾ ಬೇಕೆನಿಸುವುದು ಸರಿಯಾಗಿ ಆಗಲೇ!

ಮಗಳಿಗೆ ಬೈದು ಸೊಸೆಗೆ ಬುದ್ಧಿ ಹೇಳಿದರು ಎನ್ನುವ ಮಾತಿದೆಯಲ್ಲ? ಮಾವನವರಿಗೆ ಮಗಳಿರಲಿಲ್ಲ. ಅವರು ಹುಳಕ್ಕೆ ಹೇಳಿ ಸೊಸೆಗೆ ಮುಟ್ಟಿಸತೊಡಗಿದರು. ಅಡುಗೆಮನೆಯ ಕಿಟಕಿ ಹಿತ್ತಲಿಗೆ ಇತ್ತು. ಪೆಟ್ಟಿಗೆಯ ಮುಂದೆ ಕುಳಿತು ಕೋರ್ಟಿನ ದನಿಯಲ್ಲಿ ಅನ್ನುವರು: "ಏನ್ರೀ ರಾಣಿಸಾಹೇಬ್ರ, ಇವತ್ತಿನ ಚಹಾದಾಗ ಸಕ್ಕರಿ ಗೈರಹಾಜರ್ ಅದ ಅಂತ ನಿಮಗೂ ಅನಸ್ತದಲ್ರೀ?"

ನಾನು ಬಿಡುತ್ತೇನೆಯೆ? ನಾನು ಸ್ಟೋವಿಗೆ ಹೇಳುತ್ತಿದ್ದೆ: "ರೇಶನ್ ಸಕ್ಕರಿ ಎಲ್ಲಾ ಪಾನಕಾ ಮಾಡಿ ಹುಳಕ್ಕ ಕುಡಿಸಿದ್ರ ಚಹಾಕ್ಕ ಎಲ್ಲಿಂದ ತರೂದವ್ವಾ ಸ್ಟೋವಮ್ಮಾ!"

ಹುಳ ಮತ್ತು ಸ್ಟೋವಿನ ನಡುವೆ ಸಂಸಾರ ಸುಗಮವಾಗಿ ಸಾಗಿತು. ಒಂದು ಸಲ ನನಗೆ ಜ್ವರ ಬಂದಿತ್ತು. ಆದರೂ ರೊಟ್ಟಿಗೆ ಕುಳಿತಿದ್ದೆ. ಹಿತ್ತಲಿನಿಂದ ದನಿ ಬಂತು: "ರಾಣಿಸಾಹೇಬ್ರ, ಮೈ ಬಿಸಿ ಅದ ಅಂತ ಕೇಳಿದೆ. ರೊಟ್ಟಿ ಗಿಟ್ಟಿ ಬ್ಯಾಡ, ಸುಮ್ಮ ಹೋಗಿ ಮಲಕೋರಿ. ನಿಮ್ಮ ಅತ್ತಿ ಬಡೀತಾಳ."

ನಡುಮನೆಯಿಂದ ಅತ್ತೆ ಚೀರಿದರು: "ಹುಳಕ್ಕ ಎಲ್ಲೀ ಅತ್ತಿರೀ?!"

ನಾನು ಬಂದ ಆ ಬೇಸಿಗೆಯಲ್ಲೇ ಮೊದಲ ರಾಣಿ ಸತ್ತುಹೋದಳು. ಮಾವನವರು ಕೋರ್ಟಿನ ಪದ್ಧತಿಯಂತೆ ಮೂರು ಸಲ ಕೂಗಿ ನೋಡಿದರು. ಯಾರೂ ಹಾಜರಾಗಲಿಲ್ಲ. ರಾಣಿ ಇಲ್ಲದ ಪೆಟ್ಟಿಗೆಯ ಸದ್ದೇ ಬೇರೆ. ಗುಂಯ್ ಎನ್ನುವುದು ಹೋಗಿ ಗೋಳೋ ಎನ್ನುವಂತಾಗುತ್ತದೆ. ಮೊಟ್ಟೆಯಿಡುವವಳು ಅವಳೊಬ್ಬಳೇ. ಅವಳಿಲ್ಲವೆಂದರೆ ಹೊಸ ಹುಳ ಹುಟ್ಟುವುದಿಲ್ಲ, ಇದ್ದವು ಮುದಿಯಾಗಿ ಸಾಯುತ್ತವೆ, ಮನೆ ಹಾಳು. ಮಾವನವರು ಎದ್ದೆನೋ ಬಿದ್ದೆನೋ ಎಂದು ಕಮಲಾಪುರಕ್ಕೆ ಓಡಿದರು.

ದೊಡ್ಡಕ್ಕ ಎಲೆಗೆ ಸುಣ್ಣ ಸವರುತ್ತ ಅಂದರಂತೆ, "ಇವತ್ತ ಮಂಗಳವಾರ. ಮಗಳನ್ನ ಕಳಸಾಂಗಿಲ್ಲ. ನಾಳೆ ನೋಡೂನು."

"ಅಕ್ಕಾ, ಹುಳಾ ಅದು!"

"ಹುಳಾ ಆದ್ರೇನಾತು? ನನ್ನ ಮನೀ ಹೆಣ್ಣಲ್ಲೇನು?"

ಮಾವನವರು ರಾತ್ರಿ ಅಲ್ಲೇ ಉಳಿದು, ಬುಧವಾರ ಹೊಸ ರಾಣಿಯನ್ನು ನಾಲ್ಕಾರು ತೊತ್ತು ಹುಳಗಳ ಜೊತೆ ಕಡ್ಡಿಪೆಟ್ಟಿಗೆಯಲ್ಲಿ ಹಾಕಿಸಿಕೊಂಡು, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಟರು. ಹೊಸಬಳನ್ನು ಸೀದಾ ಒಳಗೆ ಬಿಟ್ಟರೆ ಹುಳಗಳು ವಾಸನೆ ಹಿಡಿದು, ಇವಳು ನಮ್ಮವಳಲ್ಲ ಎಂದು ಮುತ್ತಿ ಕೊಂದುಬಿಡುತ್ತವೆ. ಅದಕ್ಕೆ ದೊಡ್ಡಕ್ಕ, "ಕಡ್ಡಿಪೆಟಗಿ ಸಮೇತ ಒಳಗಿಡು. ಹುಟ್ಟಿನ ವಾಸನಿ ಆಕಿಗೆ ಹತ್ತಲಿ, ಆಮ್ಯಾಲ ಬಿಡು" ಎಂದು ಹೇಳಿ ಕಳಿಸಿದ್ದರು. ಆದರೆ ಅಷ್ಟು ದಿನ ಕಾಯುವ ತಾಳ್ಮೆ ಯಾರಿಗಿದೆ? ಬಸ್ಸಿನಲ್ಲಿ ಮಾವನವರ ತಲೆಗೆ ಒಂದು ಉಪಾಯ ಹೊಳೆಯಿತು. ಎಲ್ಲರಿಗೂ ಒಂದೇ ವಾಸನೆ ಹಚ್ಚಿಬಿಟ್ಟರೆ ಹೊಸಬಳು ಯಾರು, ಹಳಬರು ಯಾರು ಎಂದು ಹೇಗೆ ತಿಳಿಯಬೇಕು? ಬಸ್ಸಿಳಿದವರೇ ಸೀದಾ ಮೋಮಿನಪುರದ ಅತ್ತರಿನ ಅಂಗಡಿಗೆ ಹೋದರು.

"ರಾಣಿಗೆ ಒಂದ್ ಶೀಶೆ ಅತ್ತರ ಬೇಕಾಗ್ಯಾದ. ಜೋರದಾರ ಇರಬೇಕು ನೋಡ್ರಿ."

ಅಂಗಡಿಯವನು ಗಡ್ಡ ಸವರಿಕೊಂಡು ನಕ್ಕ. "ಬೇಗಮ್ ನಯೀ ಹೈ ಕ್ಯಾ ಸಾಬ್?"

"ಹೌದು, ಹೊಸಾಕಿ. ಇವತ್ತೇ ಕಮಲಾಪುರದಿಂದ ತಂದೀನಿ."

"ಔರ್ ಪಹಿಲೇ ವಾಲೀ?"

"ಹ್ವಾದ ವಾರ ತೀರ್ಕೊಂಡಳು."

"ಯಾ ಅಲ್ಲಾ! ಇತ್ತೀ ಜಲ್ದೀ?"

"ಏನ್ ಮಾಡ್ಲಿ ಸಾಬ್, ತಡಾ ಮಾಡಾಂಗಿಲ್ಲ. ಇಪ್ಪತ್ತ ಸಾವಿರ ಮಂದಿ ಗೋಳೋ ಅಂತ ಕುಂತಾರ. ಈಕಿನ್ನ ಹಂಗೇ ಒಳಗ ಬಿಟ್ರ ಕಡದು ಕೊಂದ ಬಿಡ್ತಾರ."

ಅಂಗಡಿಯವನು ಲಾವಂಚದ ಖಸ್ ಅತ್ತರಿನ ಶೀಶೆ ಮುಂದೆ ಸರಿಸಿ ತಾನು ಹಿಂದೆ ಸರಿದು ಕುಳಿತ. ಪಕ್ಕದಲ್ಲಿ ಊದಿನಕಡ್ಡಿ ಕೊಳ್ಳುತ್ತಿದ್ದ ನಮ್ಮ ಓಣಿಯವನೊಬ್ಬ "ಹೊಸಾಕಿ, ಕಮಲಾಪುರದಿಂದ" ಎನ್ನುವಷ್ಟನ್ನೇ ಕೇಳಿಸಿಕೊಂಡು ಸೈಕಲ್ ಹತ್ತಿದ. ಮಾವನವರು ನಡೆದುಕೊಂಡು ಮನೆ ಮುಟ್ಟುವಷ್ಟರಲ್ಲಿ ಓಣಿಯ ಹೆಂಗಸರು ನಮ್ಮ ಅತ್ತೆಯನ್ನು ನಡುವೆ ಕೂರಿಸಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದರು.

ಅತ್ತೆ ಹೊಸ್ತಿಲಲ್ಲೇ ತಡೆದು ಕೇಳಿದರು, "ಕರಕೊಂಡ ಬಂದೀರೇನು? ಎಲ್ಲಿದ್ದಾಳ?"

"ಕಿಸೇದಾಗ" ಎಂದರು ಮಾವನವರು.

ಹೆಂಗಸರ ಮುಖದಲ್ಲಿ ಆ ದಿನ ಕಂಡಷ್ಟು ನಿರಾಸೆಯನ್ನು ನಾನು ಮತ್ತೆಂದೂ ಕಂಡಿಲ್ಲ!

ಅತ್ತರಿನ ಉಪಾಯ ಫಲಿಸಿತು. ಶೀಶೆ ಪೂರ್ತಿ ಬರಿದು ಮಾಡಿ ಚೌಕಟ್ಟಿಗೆ, ಮುಚ್ಚಳಕ್ಕೆ, ಗೋಡೆಗೆ, ಕೊನೆಗೆ ರಾಣಿಗೂ ಸೋಕಿಸಿ ಒಳಗೆ ಬಿಟ್ಟರು. ಹುಳಗಳು ಹೊಸ್ತಿಲಿಗೆ ಬಂದು ರೆಕ್ಕೆ ಬೀಸುತ್ತ ದಿನಗಟ್ಟಲೆ ಸೀನಿದಂತೆ ಮಾಡಿದವು. ಸುಸ್ತಾಗಿ ಅವಳನ್ನು ಒಪ್ಪಿಕೊಂಡವು. ಆದರೆ ಆ ಹಂಗಾಮಿನ ಜೇನುತುಪ್ಪವೆಲ್ಲ ಖಸ್ ವಾಸನೆ! ಪಂಚಾಮೃತಕ್ಕೆ ಹಾಕಿದರೆ ಐನೋರು ಮೂಗು ಮುಚ್ಚಿಕೊಂಡು ತೀರ್ಥ ತೆಗೆದುಕೊಂಡರು. ಬೀಗರಿಗೆ ಕೊಟ್ಟ ಬಾಟಲಿಗಳು ಮರಳಿ ಬಂದವು. ನಮ್ಮ ಅತ್ತೆ ಮಾತ್ರ ಜಾಣತನದಿಂದ ಅದನ್ನು ಎರಡು ವರ್ಷ ಎಣ್ಣೆಸ್ನಾನದ ದಿನ ಮೈಗೆ ಹಚ್ಚಿಕೊಂಡು ಖರ್ಚು ಮಾಡಿದರು.

ಹೀಗೆ ಆ ರಾಣಿಯೂ ನಾನೂ ಒಂದೇ ಬೇಸಿಗೆಯಲ್ಲಿ ಕಮಲಾಪುರದಿಂದ ಗಾಜಿಪುರಕ್ಕೆ ಬಂದವರು. ನಾನು ಟ್ರಕ್ಕಿನಲ್ಲಿ ಕೊಡ, ಹಂಡೆ, ಮಂಚಗಳ ಜೊತೆ, ಅವಳು ಕಡ್ಡಿಪೆಟ್ಟಿಗೆಯಲ್ಲಿ ಹಗುರಾಗಿ. ಆದರೆ ಬಂದ ಮೇಲೆ ಅವಳು ದಿನಕ್ಕೆ ನೂರಾರು ಮೊಟ್ಟೆಯಿಟ್ಟು ಮನೆ ತುಂಬಿಸಿದಳು. ನಾನು ಮೂರು ವರ್ಷವಾದರೂ ಒಂದು ಕೂಸನ್ನೂ ಹಡೆಯಲಿಲ್ಲ.

ಅದರ ಚಿಂತೆ ನನಗಿಂತ ಓಣಿಗೆ ಜಾಸ್ತಿ ಇತ್ತು. ಒಬ್ಬಳು ಬೇರು ತಂದಳು, ಒಬ್ಬಳು ದರ್ಗಾದಿಂದ ತಾಯಿತ ತಂದಳು, ಒಬ್ಬಳು ಅರಳಿಕಟ್ಟೆ ಸುತ್ತಿಸಿದಳು. ಕೊರಳು, ತೋಳು, ನಡು, ಎಲ್ಲೆಲ್ಲೂ ದಾರ ಕಟ್ಟಿಸಿಕೊಂಡು ನಾನು ಕಟ್ಟಿದ ಮೂಟೆಯ ಹಾಗೆ ಕಾಣುತ್ತಿದ್ದೆ. ಏನೂ ಆಗಲಿಲ್ಲ. ಕೊನೆಗೆ ನನಗೆ ಕೇಳಲೆಂದೇ ಗೋಡೆಯಾಚೆಯಿಂದ ಮಾತು ಬರತೊಡಗಿತು: "ಇನ್ನೊಂದ ನೋಡ್ರಿ. ಒಬ್ಬಾವ್ನೇ ಮಗಾ." ಆಗ ಅದೇನು ದೊಡ್ಡ ಮಾತಾಗಿರಲಿಲ್ಲ. ಓಣಿಯಲ್ಲೇ ಎರಡು ಮನೆಯಲ್ಲಿ ಹಾಗೆ ಮಾಡಿದ್ದರು. ಆ ಮನೆಗಳ ಮೊದಲ ಹೆಂಡಿರು ಬಾವಿಕಟ್ಟೆಯಲ್ಲಿ ಯಾರ ಜೊತೆಗೂ ಮಾತಾಡದೆ ನೀರು ಸೇದುವುದನ್ನು ನಾನು ದಿನಾ ನೋಡುತ್ತಿದ್ದೆ. ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ನಮ್ಮವರು, ಅಂದರೆ ನನ್ನ ಗಂಡ, ಒಳ್ಳೆಯವರೇ. ಆದರೆ ಹಿರಿಯರು ಕೂಡು ಎಂದರೆ ಕೂಡುವ, ಏಳು ಎಂದರೆ ಏಳುವ ಒಳ್ಳೆಯವರು.

ನೋಡಿ, ದೇವರ ಲೀಲೆ! ಅದೇ ವರ್ಷ ಹಿತ್ತಲಿನ ರಾಣಿಯೂ ಕೈಕೊಟ್ಟಳು. ಒಂದು ಬೆಳಿಗ್ಗೆ ಹಾಜರಿ ತೆಗೆದುಕೊಂಡು ಮಾವನವರು ತಲೆಯ ಮೇಲೆ ಕೈಹೊತ್ತು ಕುಳಿತರು. ಅತ್ತೆ ಹೋಗಿ ಕೇಳಿದರು, "ಏನಾತು?"

"ಬರೇ ಗಂಡ ಹಡ್ಯಾಕತ್ತಾಳ."

"ಬರೇ ಗಂಡಾ?" ಎಂದು ಗೋಡೆಯಾಚೆಯಿಂದ ಒಂದು ತಲೆ ಮೇಲೆದ್ದಿತು. "ಎಂಥಾ ಭಾಗ್ಯವಂತಿರೀ! ಯಾವ ದೇವರಿಗೆ ಹರಕಿ ಹೊತ್ತಿದ್ರಿ?"

"ಭಾಗ್ಯ ಅಲ್ಲವ್ವಾ, ದರಿದ್ರ. ಗಂಡ ಹುಳಾ ದುಡ್ಯಾಂಗಿಲ್ಲ, ತುಪ್ಪಾ ತರಾಂಗಿಲ್ಲ, ಮನಿ ಕಾಯಾಂಗಿಲ್ಲ. ಕುಂತಲ್ಲೇ ಕುಂತು ತಿಂತಾವ. ಅವೇ ತುಂಬಿದ್ರ ಮನಿ ಮುಳಗ್ತದ."

ಅತ್ತೆ ತಮ್ಮ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಇದ್ರಾಗ ಹೊಸಾದೇನದ?" ಎಂದು ಒಳಗೆ ಬಂದರು.

ದಿನ ಕಳೆದಂತೆ ಮೊಟ್ಟೆಯಿಡುವುದೂ ನಿಂತಿತು. ದುಡಿಯುವ ಹುಳಗಳು ಒಂದೊಂದಾಗಿ ಮುದಿಯಾಗಿ ಉದುರಿದವು. ತಾವೇ ಹೊಸ ರಾಣಿಯನ್ನು ಬೆಳೆಸಿಕೊಳ್ಳೋಣವೆಂದರೆ ಅದಕ್ಕೆ ತಕ್ಕ ಮೊಟ್ಟೆಯೂ ಇಲ್ಲ. ಇನ್ನು ಉಳಿದದ್ದು ಒಂದೇ ದಾರಿ. ಹೊರಗಿನಿಂದ ಹೊಸ ರಾಣಿ ತರಬೇಕು. ಆದರೆ ಅವಳನ್ನು ಬಿಡುವ ಮೊದಲು ಹಳೆಯವಳನ್ನು ಹುಡುಕಿ, ಎರಡು ಬೆರಳಲ್ಲಿ ಹಿಡಿದು, ಹಿಸುಕಿ ಕೊಲ್ಲಬೇಕು. ಜೇನು ಸಾಕಿದವರೆಲ್ಲ ಮಾಡುವುದೇ ಹೀಗೆ, ಇದರಲ್ಲಿ ಪಾಪ ಪುಣ್ಯದ ಮಾತಿಲ್ಲ.

ಮಾವನವರು ಹೇಳಿ ಕಳಿಸಿದರೋ, ದೊಡ್ಡಕ್ಕನಿಗೇ ಸುದ್ದಿ ಮುಟ್ಟಿತೋ ನನಗೆ ತಿಳಿಯದು. ಒಂದು ದಿನ ಬೆಳಿಗ್ಗೆ ದೊಡ್ಡಕ್ಕ ಬಂದಿಳಿದರು. ಒಂದು ಕೈಯಲ್ಲಿ ಕೆಂಪು ಬಾಳೆಯ ಗೊನೆ. ಎಲೆಯಡಿಕೆಯ ಚಂಚಿಯಲ್ಲಿ ಕಡ್ಡಿಪೆಟ್ಟಿಗೆ, ಅದರೊಳಗೆ ಹೊಸ ರಾಣಿ. ಬಾಯಲ್ಲಿ ಇನ್ನೊಂದು ಸುದ್ದಿ.

ಬೇವಿನ ಗಿಡದ ಕೆಳಗೆ ಹೊರಸು ಹಾಕಿ ದೊಡ್ಡಕ್ಕ ಕುಳಿತರು. ಮಾವನವರು ಪೆಟ್ಟಿಗೆಯ ಪಕ್ಕದಲ್ಲಿ. ನಮ್ಮವರು ಚಹಾದ ಕಪ್ಪು ಹಿಡಿದು ಗೋಡೆಗೆ ಆತು ನಿಂತಿದ್ದರು. ನಾನು ಕಿಟಕಿಯ ಒಳಗೆ ಸ್ಟೋವಿನ ಮುಂದೆ. ದೊಡ್ಡಕ್ಕನಿಗೆ ದನಿ ತಗ್ಗಿಸುವ ಅಭ್ಯಾಸವೇ ಇಲ್ಲ, ಆ ಮನೆತನದ ಗಂಟಲೇ ಅಂಥದ್ದು.

"ನಾನೇ ನೋಡಿ ಕೊಟ್ಟ ರಾಣಿ, ನಾನೇ ನೋಡಿ ತಂದ ಸೊಸಿ. ಎರಡರಾಗೂ ನನ್ನ ಕೈಗುಣ ಸರಿ ಬರಲಿಲ್ಲ ತಮ್ಮಾ. ಚೂಕಿ ನಂದದ, ನಾನೇ ಸರಿಮಾಡಿ ಕೊಡ್ತೀನಿ."

ಗ್ಯಾರಂಟಿ ಮುಗಿಯುವ ಮೊದಲು ಮಾಲು ಬದಲಿಸಿಕೊಡುವ ಅಂಗಡಿಯವರೂ ಇಷ್ಟು ಪ್ರಾಮಾಣಿಕರಿರಲಿಕ್ಕಿಲ್ಲ!

"ಮೊನ್ನಿ ಶರಣಸಿರಸಗಿಗೆ ಹೋಗಿ ಒಂದ್ ಕನ್ಯಾ ನೋಡಿ ಬಂದೀನಿ. ಗಟ್ಟಿಮುಟ್ಟ ಅದಾಳ, ಆರು ಮಂದಿ ಅಣ್ಣತಮ್ಮರು. ಇಂಥಾ ಮನೀ ಹೆಣ್ಣು ಹಡೀತಾವ. ಅವ್ರು ಹ್ಞೂಂ ಅಂದಾರ. ಮೊದಲ ಈ ಹುಳದ ಕೆಲಸಾ ಮುಗಸೂನು. ಆ ಮುದಿ ರಾಣೀನ್ನ ಹಿಡದು ಹಿಸುಕಿ ಒಗಿ. ಎರಡ ರಾಣಿ ಒಂದ ಗೂಡ್ನಾಗ ಬಾಳ್ವಿ ಮಾಡಾಂಗಿಲ್ಲ." ಆಮೇಲೆ ಕಿಟಕಿಯ ಕಡೆ ಒಮ್ಮೆ ನೋಡಿ, ದೊಡ್ಡ ಮನಸ್ಸು ಮಾಡಿ ಸೇರಿಸಿದರು: "ಮನೀ ಮಾತ ಹಂಗಲ್ಲ ಮತ್ತ. ಈಕೀನೂ ಒಂದ ಮೂಲ್ಯಾಗ ಇರ್ತಾಳ. ರೊಟ್ಟಿ ಬಡ್ಯಾಕ ಬೇಕಲ್ಲ!"

ನಾನು ಇಕ್ಕಳ ಕೆಳಗಿಟ್ಟು ಸ್ಟೋವು ಆರಿಸಿದೆ. ನಮ್ಮವರು ಕಪ್ಪಿನೊಳಗೆ ನೋಡುತ್ತ ನಿಂತಿದ್ದರು, ಉತ್ತರ ಚಹಾದ ತಳದಲ್ಲಿ ಇದೆ ಎನ್ನುವಂತೆ. ಮಾವನವರು ಎದ್ದು ಪೆಟ್ಟಿಗೆಯ ಮುಚ್ಚಳ ತೆಗೆದರು. ಆ ದಿನ ಕೂಗಲಿಲ್ಲ. ಒಂದೊಂದೇ ಚೌಕಟ್ಟು ಎತ್ತಿ ಹುಡುಕಿದರು. ರಾಣಿ ಸಿಕ್ಕಳು. ಎರಡು ಬೆರಳು ಅವಳ ಮೇಲೆ ಹೋದವು.

"ಹಾಂ, ಹಿಸುಕು" ಎಂದರು ದೊಡ್ಡಕ್ಕ.

ಮಾವನವರು ಬೆರಳು ಹಿಂದೆ ತೆಗೆದರು. ಚೌಕಟ್ಟನ್ನು ಇದ್ದಲ್ಲೇ ಇಳಿಸಿ ಮುಚ್ಚಳ ಹಾಕಿದರು.

"ಒಂದ ಕಡೀ ಮಾತ ಕೇಳಿ ಫೈಸಲಾ ಮಾಡೂದು ಯಾ ಕೋರ್ಟ್‌ನಾಗೂ ಇಲ್ಲಕ್ಕಾ" ಎಂದರು.

"ಏನ್ ಅಂತೀಯೋ?"

"ರಾಣಿ ಲಗ್ನಾ ಆಗೂ ದಿನ ಒಮ್ಮೆ ಹಾರಿ ಹೋಗಿ ಬರ್ತಾಳ. ಮುಂದ ಜೀವಮಾನೆಲ್ಲಾ ಗೂಡ್ನಾಗೇ. ಆವತ್ತ ಗಂಡ ಹುಳಾನೇ ಸರಿ ಇರಲಿಲ್ಲಂದ್ರ ಆಕಿ ಏನ್ ಮಾಡಬೇಕು? ಆಕಿದೇ ತಪ್ಪು ಅಂತ ಯಾರು ಬರದು ಕೊಟ್ಟಾರ? ಗಂಡ ಹುಳದ ಹಾಜರಿ ಯಾರರ ತಗೊಂಡೀರೇನು?"

ನಮ್ಮವರಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಗಂಡಸಿಗ್ಯಾಕೋ ನಿನಗ ಗೌರಿ ದುಃಖ?" ಎಂದು ದೊಡ್ಡಕ್ಕ ಸಿಡುಕಿದರು. "ನಾ ಹುಳದ ಮಾತ ಆಡಾಕತ್ತೀನಿ."

"ನಾನೂ ಹುಳದ ಮಾತೇ ಆಡಾಕತ್ತೀನಿ. ನಾಳೆ ಮುಂಜಾನಿ ನಿನ್ನ ಅಳಿಯಾ ದವಾಖಾನ್ಯಾಗ ಹಾಜರ್ ಆಗ್ತಾನ. ನಾನೇ ಕರಕೊಂಡ ಹೋಗಿ ಬಾಗಲದಾಗ ನಿಂತು ಹೆಸರ ಕೂಗ್ತೀನಿ."

"ಅದ್ಯಾವದರ ಇರ್ಲಿ. ಹುಳಾ ಸಾಯ್ತಾವಲ್ಲೋ ಮಳ್ಳಾ! ಇಡೀ ಹುಟ್ಟ ಹಾಳಾಗಿ ಹೋಗ್ತದ."

"ಹೋಗ್ಲಿ" ಎಂದರು ಮಾವನವರು. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಅಷ್ಟು ಮೆಲ್ಲಗಿತ್ತು. ಆಮೇಲೆ ಹೊಸ ರಾಣಿಯ ಕಡ್ಡಿಪೆಟ್ಟಿಗೆಯ ಕಡೆ ಕೈ ತೋರಿಸಿ ಹೆಂಡತಿಗೆ ಹೇಳಿದರು, "ಮನೀಗೆ ಬಂದ ಮಗಳು. ಬರಿಗೈಲೆ ಕಳಸಬಾರ್ದು. ಉಡಿ ತುಂಬಿ ತವರಮನೀಗೆ ಕಳಸು."

ನಮ್ಮ ಅತ್ತೆಗೆ ಮೊಮ್ಮಗ ಬೇಕಾಗಿತ್ತು. ಸುಳ್ಳೇಕೆ ಹೇಳಲಿ? ನನ್ನ ಮೈಮೇಲಿನ ದಾರಗಳಲ್ಲಿ ಅರ್ಧದಷ್ಟನ್ನು ಕಟ್ಟಿದವರು ಅವರೇ. ಅವರು ಬಾಗಿಲಲ್ಲಿ ನಿಂತು ಒಂದು ಗಳಿಗೆ ಯೋಚಿಸಿದರು. ಆಮೇಲೆ ಒಳಗೆ ಬಂದು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಒಂದು ಖಣ ತಂದರು. ದೊಡ್ಡಕ್ಕನ ಸೆರಗಿಗೆ ಉಡಿ ತುಂಬಿ, ಅದರ ಮೇಲೆ ಕಡ್ಡಿಪೆಟ್ಟಿಗೆ ಇಟ್ಟು, ಅದಕ್ಕೂ ಎರಡು ಹರಳು ಸಕ್ಕರೆ ಹಾಕಿದರು. "ಶರಣಸಿರಸಗಿ ಮಂದೀಗೂ ಹೇಳಿಬಿಡ್ರಿ ದೊಡ್ಡಕ್ಕಾ, ನಮ್ಮಲ್ಲಿ ಜಾಗಾ ಖಾಲಿ ಇಲ್ಲಂತ" ಎಂದರು. ದೊಡ್ಡಕ್ಕ ಬಾಳೆಗೊನೆ ಬಿಟ್ಟು, ಬೈಗಳ ಗೊನೆ ಬಿಚ್ಚುತ್ತ ಬಸ್ಸಿಗೆ ಹೋದರು.

ನಮ್ಮವರು ಮರುದಿನ ದವಾಖಾನೆಗೆ ಹಾಜರಾದರು. ಅದರ ಫೈಸಲಾ ಏನಾಯಿತು ಎನ್ನುವುದು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ನಿಮಗೂ ಹೇಳುವುದಿಲ್ಲ! ಮಾವನವರು ಬಾಗಿಲವರೆಗೆ ಬಂದವರು, ಒಳಗೆ ಏನಾಯಿತೆಂದು ಬದುಕಿರುವವರೆಗೂ ಕೇಳಲಿಲ್ಲ. ಇನ್ನೊಂದು ಮದುವೆಯ ಮಾತು ಮಾತ್ರ ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಹುಳ ಉಳಿಯಲಿಲ್ಲ. ಉಳಿಯುವುದಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಮಾವನವರಿಗೇ ಗೊತ್ತಿತ್ತು. ದಿನಾ ಪಾನಕ ಮಾಡಿ ಇಡುತ್ತಿದ್ದರು, ಪೆಟ್ಟಿಗೆಗೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ಬೆಳಿಗ್ಗೆ ಹೊಸ್ತಿಲಲ್ಲಿ ಉದುರಿದ ಹುಳಗಳನ್ನು ಅಂಗೈಯಲ್ಲಿ ಗುಡಿಸಿ ಬೇವಿನ ಬುಡಕ್ಕೆ ಹಾಕುತ್ತಿದ್ದರು. ಕಂಡಕಂಡವರು ಹೇಳಿದರು, ಮುದುಕನಿಗೆ ಅರಳು ಮರಳು, ಒಂದು ಹುಳ ಕೊಲ್ಲಲಾರದೆ ಇಡೀ ಪೆಟ್ಟಿಗೆ ಕೊಂದ ಎಂದು. ಗುಂಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ, ಕಿವಿ ಹಚ್ಚಿದರೂ ಕೇಳದಂತಾಯಿತು.

ಮಳೆಗಾಲದ ಒಂದು ಮಧ್ಯಾಹ್ನ ನಾನು ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಮಾವನವರು. ನಾನು ಈ ಮನೆಗೆ ಬಂದ ಮೇಲೆ ಅವರು ಆ ಬಾಗಿಲಿಗೆ ಬಂದು ನಿಂತವರಲ್ಲ. ನಾನು ಗಡಬಡಿಸಿ ಸೆರಗಿಗೆ ಕೈ ಹಾಕಿದೆ.

"ಇರ್ಲಿ ಬಿಡು ಯವ್ವಾ" ಎಂದರು. ನನ್ನ ಮುಖ ನೋಡಿಯೇ ಎಂದರು. ಅಂಗೈ ಬಿಚ್ಚಿ ತೋರಿಸಿದರು. ರಾಣಿ ಒಣಗಿದ ಬೇವಿನೆಲೆಯಷ್ಟು ಹಗುರಾಗಿ ಬಿದ್ದಿದ್ದಳು.

"ಆಕಿ ಹ್ವಾದಳವ್ವಾ. ತನ್ನ ಮನ್ಯಾಗೇ ಹ್ವಾದಳು. ಯಾರೂ ಹೊರಗ ಹಾಕಲಿಲ್ಲ." ಆಮೇಲೆ ಹೇಳಿದರು, "ಮಕ್ಕಳಾಗ್ಲಿ, ಬಿಡ್ಲಿ. ಈ ಮನಿ ನಿಂದದ. ಇನ್ನ ಹೆದರಬ್ಯಾಡ."

ನಾನು "ಮಾಮಾ" ಎಂದೆ. ರಾಣಿ ಇದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಯಿಬಿಟ್ಟು ಅತ್ತುಬಿಟ್ಟೆ. ಅಪ್ಪನ ಮನೆ ಬಿಟ್ಟು ಬಂದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.